ಒಲೆ ನೋಡದೆ ಹಾಕಿದ ಕೀಲು

ನಮ್ಮ ಮಾವನನ್ನು ಊರಲ್ಲಿ ಯಾರೂ ಹೆಸರು ಹಿಡಿದು ಕರೆಯುತ್ತಿರಲಿಲ್ಲ. ಕೀಲಣ್ಣ ಎಂದರೆ ಸಾಕಿತ್ತು. ಮೂರು ಬೀದಿ ಆಚೆಯ ಮಕ್ಕಳು ಕೂಡ ಅಂಗಡಿ ತೋರಿಸುತ್ತಿದ್ದರು. ಅವರದು ಒಲೆ ರಿಪೇರಿ ಕೆಲಸ, ಅದರಲ್ಲೂ ಒಲೆಯ ಬಾಗಿಲಿನ ಕೆಲಸ. ನಾನು ಈ ಮನೆಗೆ ಸೊಸೆಯಾಗಿ ಬಂದಾಗ, ಬಾಗಿಲು ರಿಪೇರಿ ಮಾಡಿ ಒಬ್ಬ ಮನುಷ್ಯ ಸಂಸಾರ ಸಾಕಬಹುದೇ ಎಂದು ನನಗೇ ಅನುಮಾನವಿತ್ತು. ಮೊದಲ ಚಳಿಗಾಲದಲ್ಲೇ ಆ ಅನುಮಾನ ಹೋಯಿತು. ಅಂಗಡಿ ಮುಂದೆ ಬೆಳಿಗ್ಗೆ ಕಸ ಗುಡಿಸುವಷ್ಟರಲ್ಲಿ ಜನ ಬಂದು ನಿಂತಿರುತ್ತಿದ್ದರು.

ನಮ್ಮದು ಚಳಿಯ ಊರು. ಪ್ರತಿ ಮನೆಯ ನಡುಕೋಣೆಯಲ್ಲೂ ಒಂದು ಕಬ್ಬಿಣದ ಸೌದೆ ಒಲೆ ಇರುತ್ತದೆ. ಕೆಳಗೆ ನಾಲ್ಕು ಗಿಡ್ಡ ಕಾಲು, ಮೇಲೆ ಸೂರು ದಾಟಿ ಹೋಗುವ ಹೊಗೆ ಕೊಳವೆ, ಮುಂದೆ ಎರಕದ ಭಾರೀ ಬಾಗಿಲು. ಒಲೆಯ ಮೈಗೆ ತೂತಿರುವ ಎರಡು ಕಿವಿ, ಬಾಗಿಲಿಗೆ ಎರಡು ಕಿವಿ. ಕಿವಿಯ ಮೇಲೆ ಕಿವಿ ಕೂರಿಸಿ, ತೂತಿನೊಳಗೆ ಮೇಲಿನಿಂದ ಬೆರಳುದ್ದದ ಕೀಲು ಇಳಿಸಿದರೆ ಬಾಗಿಲು ನಿಲ್ಲುತ್ತದೆ. ದಿನವಿಡೀ ಸೌದೆ ಹಾಕಲು ತೆಗೆದು ಮುಚ್ಚಿ, ತೆಗೆದು ಮುಚ್ಚಿ, ಕೀಲು ಸವೆಯುತ್ತದೆ. ದುಂಡಗಿದ್ದ ತೂತು ಮೊಟ್ಟೆಯ ಹಾಗೆ ಉದ್ದವಾಗುತ್ತದೆ. ಬಾಗಿಲು ಜೋತುಬಿದ್ದು ಸಂದಿ ಬಿಡುತ್ತದೆ, ಕೋಣೆಯೆಲ್ಲ ಹೊಗೆ. ಆಗ ಮನೆಯವರು ಏನು ಮಾಡುತ್ತಾರೆ ಗೊತ್ತೇ? ಬಾಗಿಲನ್ನು ಮೊಣಕಾಲಿನಿಂದ ಮೇಲೆತ್ತಿ ಮುಚ್ಚುವುದನ್ನು ಕಲಿಯುತ್ತಾರೆ. ಮಕ್ಕಳಿಗೂ ಕಲಿಸುತ್ತಾರೆ. ಕಣ್ಣು ಉರಿದು ನೀರು ಸುರಿಯುವ ತನಕ ಕೀಲಣ್ಣನ ನೆನಪಾಗುವುದಿಲ್ಲ.

ಬಾಗಿಲೊಂದನ್ನೇ ಬಿಚ್ಚಿಕೊಂಡು ಅಂಗಡಿಗೆ ಹೊತ್ತು ತಂದವರನ್ನು ಮಾವ ಮುಟ್ಟಿಯೂ ನೋಡದೆ ವಾಪಸ್ ಕಳಿಸುತ್ತಿದ್ದರು.

"ಅರ್ಧ ರೋಗೀನ ಕರ್ಕೊಂಡು ಬಂದ್ರೆ ನಾನೇನು ಔಷಧಿ ಕೊಡ್ಲಿ? ಇನ್ನರ್ಧ ನಿಮ್ಮ ಮನೇಲಿದೆ. ನಡೀರಿ, ಪೆಟ್ಟಿಗೆ ತಗೊಂಡು ಬರ್ತೀನಿ."

ಅದು ಅವರ ಕಟ್ಟುನಿಟ್ಟು. ಬಾಗಿಲಿನ ತೂತು ಎಷ್ಟು ಸವೆದಿದೆ ಎನ್ನುವುದರ ಜೊತೆಗೆ ಒಲೆಯ ಕಿವಿಯ ತೂತು ಎಷ್ಟು ಸವೆದಿದೆ ಎಂದೂ ನೋಡಬೇಕು. ಎರಡನ್ನೂ ಅಳೆದು ಕೀಲು ಕಡಿಯಬೇಕು. ಸ್ವಲ್ಪವೇ ಸ್ವಲ್ಪ ಸಡಿಲವನ್ನು ಬೇಕೆಂದೇ ಬಿಡಬೇಕು, ಏಕೆಂದರೆ ಬಿಸಿಯಾದ ಕಬ್ಬಿಣ ಹಿಗ್ಗುತ್ತದೆ. ತಣ್ಣಗಿದ್ದಾಗ ಬಿಗಿಯಾದ ಬಾಗಿಲು ಉರಿ ಹೆಚ್ಚಾದಾಗ ತೆಗೆಯಲು ಬರುವುದಿಲ್ಲ. ಅವರು ಕೂರಿಸಿದ ಬಾಗಿಲು ಮತ್ತೆ ಅಂಗಡಿಗೆ ಬಂದದ್ದು ನಾನಂತೂ ಕಾಣೆ. ಆ ವಿಷಯದಲ್ಲಿ ಮಾವನಿಗೆ ಜಂಬ ಬಹಳ. ಊಟಕ್ಕೆ ಕೂತರೂ ಅದೇ, ಕ್ಷೌರಕ್ಕೆ ಕೂತರೂ ಅದೇ. ಅತ್ತೆ ಮುಖ ತಿರುಗಿಸಿಕೊಂಡು, "ಬಡಿಸಿದ್ದು ಗಂಟಲಲ್ಲಿ ಇಳಿಯೋಕೂ ಅಳತೆ ತಗೋತಾರೆ" ಎನ್ನುತ್ತಿದ್ದರು.

ಈ ಕೆಲಸವನ್ನು ಮಾವನಷ್ಟೇ ಚೆನ್ನಾಗಿ ಕಲಿತವರು ಇನ್ನೊಬ್ಬರಿದ್ದರು. ಅದು ನಮ್ಮವರಲ್ಲ. ನಮ್ಮವರ ಕೈಗೆ ಅರ ಕೊಟ್ಟರೆ ಅದರಿಂದ ಬೆನ್ನು ಕೆರೆದುಕೊಳ್ಳುವಷ್ಟೇ ಅವರ ಯೋಗ್ಯತೆ. ಗಂಡ ಎಂದು ಸುಳ್ಳು ಹೇಳಲಾರೆ. ಕಲಿತದ್ದು ನನ್ನ ನಾದಿನಿ, ಮಾವನ ಕಿರಿ ಮಗಳು. ಮನೆಯಲ್ಲಿ ಅವಳನ್ನು ಪುಟ್ಟಿ ಎನ್ನುತ್ತಿದ್ದರು. ಶಾಲೆ ಬಿಟ್ಟೊಡನೆ ಅಂಗಡಿ ಸೇರುತ್ತಿದ್ದಳಂತೆ. ನಾನು ಬಂದ ಹೊಸದರಲ್ಲಿ ಅವಳು ಚರ್ಮದ ಏಪ್ರನ್ ಕಟ್ಟಿಕೊಂಡು, ಸರಳು ಕಡಿದು, ಅರ ಹಾಕಿ, ಕೀಲನ್ನು ತುಟಿಗೆ ತಾಗಿಸಿ ನೋಡುತ್ತಿದ್ದಳು. ಬೆರಳಿಗೆ ಗೊತ್ತಾಗದ ಒರಟು ತುಟಿಗೆ ಗೊತ್ತಾಗುತ್ತದೆಯಂತೆ. ಅಪ್ಪ ಮಗಳು ದಿನವಿಡೀ ಎದುರುಬದುರು ಕೂತು ತುಟಿ ಪಿಟಕ್ಕೆನ್ನದೆ ಕೆಲಸ ಮಾಡುತ್ತಿದ್ದರು. ಒಬ್ಬರು ಕೈ ಚಾಚಿದರೆ ಇನ್ನೊಬ್ಬರು ಕೇಳದೆಯೇ ಬೇಕಾದ ಹತ್ಯಾರ ಕೊಡುತ್ತಿದ್ದರು.

ಎಲ್ಲ ಕೆಟ್ಟದ್ದು ಒಂದು ಬೋರ್ಡಿನಿಂದ. ಮಾವನಿಗೆ ಇದ್ದಕ್ಕಿದ್ದಂತೆ ಅಂಗಡಿಗೊಂದು ಬೋರ್ಡು ಬರೆಸುವ ಆಸೆ ಬಂತು. ಪೇಂಟರ್ ಬಂದು ಏಣಿ ಹತ್ತಿ ಬರೆದ: ಒಲೆ ರಿಪೇರಿ, ತಂದೆ ಮತ್ತು ಮಗ. ಪುಟ್ಟಿ ಯಾರದೋ ಮನೆಗೆ ಬಾಗಿಲು ಕೂರಿಸಲು ಹೋಗಿದ್ದವಳು ಮಸಿ ಕೈಯಲ್ಲಿ ಬಂದು ಕೆಳಗೆ ನಿಂತು ಓದಿದಳು.

"ಅಪ್ಪಾ, ಇದ್ರಲ್ಲಿ ನಾನೆಲ್ಲಿದೀನಿ?"

"ನೀನು ನಾಳೆ ಬೇರೆ ಮನೆಗೆ ಹೋಗೋಳು ಕಣೇ. ಬೋರ್ಡು ಇಲ್ಲೇ ಇರೋದು."

ಮಾವ ಇದನ್ನು ಕೆಟ್ಟ ಮನಸ್ಸಿನಿಂದ ಹೇಳಲಿಲ್ಲ. ಯೋಚನೆ ಮಾಡಿಯೂ ಹೇಳಲಿಲ್ಲ. ಊರಲ್ಲಿ ಎಲ್ಲರೂ ಹೇಳುವ ಮಾತು, ಅವರ ಬಾಯಲ್ಲೂ ಬಂತು. ಪುಟ್ಟಿ ಏಪ್ರನ್ ಬಿಚ್ಚಿ ಮೊಳೆಗೆ ತಗುಲಿಹಾಕಿದಳು. ಮತ್ತೆ ಅಂಗಡಿ ಮೆಟ್ಟಿಲು ಹತ್ತಲಿಲ್ಲ. ಕೆಲವೇ ತಿಂಗಳಲ್ಲಿ ಹೊಳೆಯಾಚೆಯ ಬೇಕರಿಯಲ್ಲಿ ಬ್ರೆಡ್ ಸುಡುವ ಹುಡುಗನನ್ನು ತಾನೇ ನೋಡಿ, ತಾನೇ ಒಪ್ಪಿ, ಮದುವೆಯಾಗಿ ಅಲ್ಲೇ ಬಾಡಿಗೆ ಮನೆ ಮಾಡಿದಳು. ಮಾವನಿಗೆ ತಿಳಿದದ್ದು ಎಲ್ಲ ಮುಗಿದ ಮೇಲೆ. ಅವತ್ತು ಅವರು ಬೀದಿಯಲ್ಲಿ ನಿಂತು, ಪಕ್ಕದ ಟೈಲರ್‌ನಿಂದ ಹಿಡಿದು ಆಚೆ ಕೊನೆಯ ಹಾಲಿನವನ ತನಕ ಕೇಳುವ ಹಾಗೆ ಕೂಗಿದರು.

"ಅವಳ ಹೊಸ್ತಿಲು ನಾನು ತುಳಿದ್ರೆ ಕೇಳ್ರಿ!"

ಬೋರ್ಡಿನ ಮಗ, ಅಂದರೆ ನಮ್ಮವರು, ಒಂದು ಚಳಿಗಾಲ ಅಂಗಡಿಯಲ್ಲಿ ಕೂತರು. ಮೂರು ಬಾಗಿಲಿನ ಕಿವಿ ಮುರಿದು ನೀರು ಸರಬರಾಜು ಕಚೇರಿಯಲ್ಲಿ ಗುಮಾಸ್ತರಾದರು. ಬೋರ್ಡು ಮಾತ್ರ ಹಾಗೇ ಉಳಿಯಿತು, ಓದಿದವರಿಗೆಲ್ಲ ಸುಳ್ಳು ಹೇಳುತ್ತಾ.

ಅತ್ತೆ ತರಕಾರಿ ತರುವ ನೆವದಲ್ಲಿ ಸೇತುವೆ ದಾಟಿ ಮಗಳನ್ನು ನೋಡಿ ಬರುತ್ತಿದ್ದರು. ನಾನೂ ಹೋಗುತ್ತಿದ್ದೆ. ಮಾವನಿಗೆ ಇದು ಗೊತ್ತಿತ್ತು. "ಎರಡು ಬದನೆಕಾಯಿಗೆ ಅಷ್ಟು ಹೊತ್ತಾ?" ಎಂದು ಗೊಣಗುತ್ತಿದ್ದರು, ಆದರೆ ನಾವು ಅಡುಗೆಮನೆಯಲ್ಲಿ ಪುಟ್ಟಿಯ ಸುದ್ದಿ ಮಾತಾಡುವಾಗ ಬಾಗಿಲ ಪಕ್ಕದಲ್ಲೇ ಕೂತು ಚಪ್ಪಲಿಯ ಬಾರು ಸರಿಮಾಡುತ್ತಿದ್ದರು. ಸರಿಯಾಗಿದ್ದ ಬಾರನ್ನು ಎಷ್ಟು ಸಲ ಸರಿಮಾಡಿದರೋ.

ಅವಳು ಹೋದ ಮೇಲಿನ ಎರಡನೇ ಚಳಿಗಾಲ ಇರಬೇಕು. ನಾನು ಪುಟ್ಟಿಯ ಮನೆಗೆ ಹೋದಾಗ ಅವಳ ಒಲೆ ಬಾಯಿ ಬಿಟ್ಟುಕೊಂಡು ಕೂತಿತ್ತು. ಬಾಗಿಲನ್ನು ಬಿಚ್ಚಿ ಗೋಣಿಯಲ್ಲಿ ಸುತ್ತಿ, ಎರಡು ಹಳೆ ಕೀಲುಗಳನ್ನು ಬಟ್ಟೆಯಲ್ಲಿ ಗಂಟು ಕಟ್ಟಿ ಇಟ್ಟಿದ್ದಳು.

"ಅತ್ತಿಗೆ, ಇದನ್ನ ಅಪ್ಪನಿಗೆ ಕೊಡಿ. ಕೀಲು ಸಡಿಲ ಆಗಿದೆ ಅಂತ ಹೇಳಿ. ಬೇರೆ ಏನೂ ಹೇಳ್ಬೇಡಿ."

"ನೀನೇ ಮಾಡ್ಕೋಬಾರದಾ?" ಎಂದು ಕೇಳಿಬಿಟ್ಟೆ.

ಅವಳು ನನ್ನ ಮುಖ ನೋಡಿದಳು. ಆಗ ನನಗೆ ಅರ್ಥವಾಯಿತು. ಬಾಗಿಲನ್ನು ಸೊಂಟದ ಮೇಲೆ ಹೊತ್ತು ಹೊರಟೆ. ಅದೇನು ಹಗುರವೇ? ಸೇತುವೆ ದಾಟುವಷ್ಟರಲ್ಲಿ ನನ್ನ ಮೈಯ ಕೀಲೆಲ್ಲ ಸಡಿಲವಾಯಿತು.

ಅಂಗಡಿಯಲ್ಲಿ ಬಾಗಿಲನ್ನು ಧಡ್ ಎಂದು ಇಳಿಸಿ, ಗೋಣಿ ಬಿಚ್ಚಿ, ಪುಟ್ಟಿ ಹೇಳಿದಷ್ಟನ್ನೇ ಮಾವನಿಗೆ ಹೇಳಿದೆ. ಅಂಗಡಿಯ ಹಿಂದೆಯೇ ನಮ್ಮ ಮನೆ. ಸದ್ದು ಕೇಳಿ ಅತ್ತೆ ಒದ್ದೆ ಕೈಯಲ್ಲೇ ಬಂದರು, ಬಾಗಿಲು ನೋಡಿದರು, ಕಣ್ಣು ತುಂಬಿಕೊಂಡರು.

"ಅವಳಿಗೆ ಬರದ ಕೆಲಸ ಏನ್ರೀ ಇದು? ಕಣ್ಣು ಕಟ್ಟಿ ಬಿಟ್ರೂ ಮಾಡ್ತಾಳೆ. ನಿಮ್ಮನ್ನ ಕರೀತಿದಾಳೆ. ಬಾಗಿಲು ಮಾತ್ರ ಕಳಿಸಿದ್ರೆ ನೀವು ಒಲೆ ನೋಡೋಕೆ ಬರ್ಲೇಬೇಕು ಅಂತ ಗೊತ್ತವಳಿಗೆ. ಎದ್ದು ಹೋಗಿ."

ಮಾವನಿಗೂ ಗೊತ್ತಿತ್ತು. ಅವರು ಎದ್ದರು. ಮುಖ ತೊಳೆದರು, ತಲೆ ಬಾಚಿದರು, ಒಗೆದ ಅಂಗಿ ಹಾಕಿಕೊಂಡರು. ಹತ್ಯಾರದ ಪೆಟ್ಟಿಗೆ ಕೈಗೆತ್ತಿಕೊಂಡು ಮೆಟ್ಟಿಲು ಇಳಿದರು. ಅತ್ತೆ ನನ್ನ ಕೈ ಗಟ್ಟಿಯಾಗಿ ಹಿಡಿದುಕೊಂಡಿದ್ದರು. ಆಗ ಪಕ್ಕದ ಟೈಲರ್ ಹೊಲಿಗೆ ಯಂತ್ರದಿಂದ ತಲೆ ಎತ್ತಿದ. ಒಳ್ಳೆಯ ಮನುಷ್ಯ, ಆದರೆ ಬಾಯಿಗೆ ಗುಂಡಿ ಹಾಕುವುದನ್ನು ಮಾತ್ರ ಕಲಿಯಲಿಲ್ಲ.

"ಏನ್ ಕೀಲಣ್ಣ, ಇಸ್ತ್ರಿ ಅಂಗಿ! ಕೊನೆಗೂ ಮಗಳ ಹೊಸ್ತಿಲು ತುಳಿಯೋಕೆ ಹೊರಟ್ಯಾ?"

ಮಾವ ನಿಂತರು. ಕಿವಿಯ ತನಕ ಕೆಂಪಾದರು. "ಸೌದೆಯವನ ಹತ್ರ ಹೊರಟಿದ್ದೆ" ಎಂದು ಹೇಳಿ, ಬೀದಿಯ ತಿರುವಿನ ತನಕ ಹೋಗಿ, ವಾಪಸ್ ಬಂದು ಅಂಗಿ ಬಿಚ್ಚಿ ಕೂತರು. ಇಷ್ಟೇ. ಒಬ್ಬ ಟೈಲರ್‌ನ ತಮಾಷೆಗೆ ಅವರು ಸೋತರು. ಇವತ್ತಿಗೂ ನೆನೆಸಿಕೊಂಡರೆ ನನಗೆ ಮೈ ಉರಿಯುತ್ತದೆ.

ಮರುದಿನವೆಲ್ಲ ಅವರು ಆ ಹಳೆಯ ಕೀಲುಗಳನ್ನೇ ಬೆಳಕಿಗೆ ಹಿಡಿದು ತಿರುಗಿಸಿ ತಿರುಗಿಸಿ ನೋಡಿದರು. ಕೀಲಿನ ಮೇಲರ್ಧ ಬಾಗಿಲಿನ ಕಿವಿಯಲ್ಲಿ ತಿರುಗುವುದು, ಕೆಳಗಿನರ್ಧ ಒಲೆಯ ಕಿವಿಯಲ್ಲಿ ಕೂರುವುದು. ಒಲೆಯ ಕಿವಿ ಎಷ್ಟು ಸವೆದಿದೆ ಎಂದು ತಿಳಿಯದೆ ಹೊಸ ಕೀಲು ಕಡಿಯುವ ಹಾಗಿಲ್ಲ. ಮಾವ ಅದಕ್ಕೊಂದು ಉಪಾಯ ಹುಡುಕಿದರು. ಬಾಗಿಲಿನ ತೂತನ್ನು ಕೊರೆದು ದುಂಡಗೆ ಮಾಡಿ, ಕೀಲಿನ ಮೇಲರ್ಧವನ್ನು ಅದಕ್ಕೆ ಸರಿಯಾಗಿ ಕಡೆದರು. ಕೆಳಗಿನರ್ಧವನ್ನು ಕ್ಯಾರೆಟ್ಟಿನ ಹಾಗೆ ಬರುಬರುತ್ತಾ ಸಣ್ಣಗೆ ಮಾಡಿದರು. ಒಲೆಯ ತೂತು ಎಷ್ಟೇ ಇರಲಿ, ಆ ಕೀಲು ತನಗೆ ಸರಿಯಾದ ಜಾಗದ ತನಕ ಇಳಿದು ತಾನಾಗಿ ಬಿಗಿದು ನಿಲ್ಲುತ್ತದೆ. ಅಂಥ ಕೀಲನ್ನು ಅವರು ಅದಕ್ಕೆ ಮೊದಲು ಮಾಡಿರಲಿಲ್ಲ. ಮಗಳ ಮನೆಗೆ ಹೋಗದೆ ಇರುವುದಕ್ಕೆ ಅಷ್ಟು ಬುದ್ಧಿ ಖರ್ಚು ಮಾಡಿದರು. ಅತ್ತೆ ಅವತ್ತು ಅವರಿಗೆ ಟೀ ಕೊಡಲಿಲ್ಲ.

ಬಾಗಿಲು ಮತ್ತೆ ನನ್ನ ಸೊಂಟವೇರಿ ಹೊಳೆ ದಾಟಿತು. ಪುಟ್ಟಿ ನನ್ನನ್ನು ನೋಡಿದಳು, ನನ್ನ ಹಿಂದೆ ಬೀದಿಯ ಕಡೆ ನೋಡಿದಳು, ಆಮೇಲೆ ಗೋಣಿ ಬಿಚ್ಚಿದಳು. ಕೀಲನ್ನು ಕೈಯಲ್ಲಿ ಹಿಡಿದ ಕೂಡಲೇ ಅಪ್ಪ ಮಾಡಿದ ಉಪಾಯ ಅವಳಿಗೆ ತಿಳಿಯಿತು. ಒಲೆಯ ಮುಂದೆ ಮಂಡಿಯೂರಿ ಬಾಗಿಲು ಎತ್ತಿ ಹಿಡಿದು, ಮೇಲಿನ ಕೀಲು ಬಿಟ್ಟಳು. ಅದು ಇಳಿದು ಟಕ್ ಎಂದು ನಿಂತಿತು. ಕೆಳಗಿನದೂ ಹಾಗೆಯೇ. ಬಾಗಿಲು ಒಂದು ಬೆರಳಿಗೆ ತೆರೆಯಿತು, ಒಂದು ಬೆರಳಿಗೆ ಮುಚ್ಚಿತು, ಸುತ್ತ ಎಳ್ಳಷ್ಟೂ ಸಂದಿಯಿಲ್ಲ. ಅವಳು ಮುಚ್ಚಿದ ಬಾಗಿಲಿನ ಮೇಲೆ ಕೈ ಇಟ್ಟುಕೊಂಡು ಅಲ್ಲೇ ಕೂತಿದ್ದಳು.

"ಚೆನ್ನಾಗಿ ಕೂತಿದೆ ಅಂತ ಹೇಳಿ ಅತ್ತಿಗೆ" ಎಂದು ಎದ್ದು ಅಡುಗೆಮನೆಗೆ ಹೋದಳು. ಹೊರಗೆ ಬರಲು ತುಂಬಾ ಹೊತ್ತು ಹಿಡಿಯಿತು.

ಸುದ್ದಿ ಮುಟ್ಟಿಸಿದಾಗ ಮಾವನ ಕಾಲು ನೆಲದ ಮೇಲಿರಲಿಲ್ಲ. ಮೀಸೆ ತಿರುವಿಕೊಂಡು ಮೊದಲು ಟೈಲರ್ ಹತ್ತಿರವೇ ಹೋದರು.

"ಒಲೆ ನೋಡ್ದೆ ಹಾಕ್ದೆ ಕಣಯ್ಯಾ! ಹೊಳೆ ಆಚೆ ಇರೋ ಒಲೆಗೆ ಇಲ್ಲಿ ಕೂತು ಕೀಲು ಹಾಕ್ದೆ. ಯಾವನಾದ್ರೂ ಇದಾನಾ ಹೀಗೆ ಹಾಕೋನು?"

ಟೈಲರ್ ದಾರ ಪೋಣಿಸುತ್ತಾ ಹೇಳಿದ, "ಭೇಷ್ ಬಿಡು. ಹಾಗಾದ್ರೆ ಇನ್ನು ನೀನು ಅವಳ ಮನೆಗೆ ಹೋಗೋ ಕೆಲ್ಸನೇ ಇಲ್ಲ."

ಅವನು ಒಳ್ಳೆಯ ಮನಸ್ಸಿನಿಂದಲೇ ಹೊಗಳಿದ್ದ. ಮಾವ ಅಂಗಡಿಗೆ ಬಂದು ಕೂತರು. ಊಟಕ್ಕೆ ಕರೆದರೆ ಹಸಿವಿಲ್ಲ ಎಂದರು. ಅತ್ತೆ ಕೋಪವನ್ನೆಲ್ಲ ಮರೆತು ಪಕ್ಕದಲ್ಲಿ ಹೋಗಿ ಕೂತಾಗ, "ಕೀಲು ಕೂರದಿದ್ರೆ ಹೋಗ್ಬಹುದಿತ್ತು ಕಣೇ" ಎಂದಷ್ಟೇ ಹೇಳಿದರು.

ಅಲ್ಲಿಂದ ಶುರುವಾಯಿತು ಕಾಯುವುದು. ತನ್ನ ಕೆಲಸ ವಾಪಸ್ ಬರುವುದಿಲ್ಲ ಎಂದು ಜಂಬ ಕೊಚ್ಚಿಕೊಳ್ಳುತ್ತಿದ್ದ ಮನುಷ್ಯ, ಆ ಒಂದು ಬಾಗಿಲು ವಾಪಸ್ ಬರಲಿ ಎಂದು ದಾರಿ ನೋಡತೊಡಗಿದರು. ನಾನು ಹೊಳೆಯಾಚೆಯಿಂದ ಬಂದ ಕೂಡಲೇ ಒಂದೇ ಪ್ರಶ್ನೆ.

"ಬಾಗಿಲು ಹೇಗಿದೆಯಮ್ಮಾ?"

"ಗಟ್ಟಿಯಾಗಿದೆ ಮಾವ."

"ಮೇಲಿನ ಕೀಲು ಆಡ್ತಿಲ್ವಾ?"

"ಇಲ್ಲ ಮಾವ."

"ಹೂಂ. ಒಳ್ಳೇದು" ಎನ್ನುತ್ತಿದ್ದರು, ಮುಖ ಮಾತ್ರ ಬಾಡಿಹೋಗುತ್ತಿತ್ತು. ಪುಟ್ಟಿಗೆ ಮಗುವಾಯಿತು. ಓಡಿ ಬಂದು, "ಹೆಣ್ಣು ಮಗು ಮಾವ, ಮೂಗು ನಿಮ್ಮದೇ" ಎಂದೆ. ಅವರು ಮೂಗು ಮುಟ್ಟಿ ನೋಡಿಕೊಂಡರು. ಆಮೇಲೆ, "ಮಗು ಇರೋ ಮನೆ. ಬಾಗಿಲು ಹೊಗೆ ಬಿಡ್ತಿಲ್ಲ ತಾನೆ?" ಎಂದರು. ಬಿಡುತ್ತಿಲ್ಲ ಎಂದೆ. ಬಿಡುತ್ತಿದೆ ಎಂದು ಸುಳ್ಳು ಹೇಳಿದ್ದರೂ ಆಗುತ್ತಿತ್ತು, ಆದರೆ ಆ ಮನುಷ್ಯನ ಕೆಲಸದ ಬಗ್ಗೆ ಸುಳ್ಳು ಹೇಳಲು ನಾಲಿಗೆ ಏಳುತ್ತಿರಲಿಲ್ಲ.

ಒಂದು ದಿನ ನನಗೆ ತಲೆ ಕೆಟ್ಟಿತು. "ಸುಮ್ನೆ ಹೋಗಿ ಬನ್ನಿ ಮಾವ. ಮಗಳನ್ನ ನೋಡೋಕೆ ಬಾಗಿಲು ಕೆಟ್ಟೇ ಇರ್ಬೇಕಾ?" ಎಂದು ರೇಗಿದೆ.

"ಕೆಲ್ಸ ಇಲ್ದೆ ಹೋಗಿ ಏನಂತ ನಿಂತ್ಕೊಳ್ಳಲಮ್ಮಾ?" ಎಂದರು.

ಅದು ನೆವವಲ್ಲ, ನಿಜ. ಜೀವಮಾನವೆಲ್ಲ ಬೇರೆಯವರ ಮನೆಯೊಳಗೆ ಪೆಟ್ಟಿಗೆ ಹಿಡಿದೇ ಹೋದವರು ಅವರು. ನೆಂಟರ ಮನೆಗೆ ಹೋದರೂ ಮೊದಲು ಒಲೆಯ ಮುಂದೆ ಕೂತು ಬಾಗಿಲು ಅಲ್ಲಾಡಿಸಿ ನೋಡಿದ ಮೇಲೇ ಅವರಿಗೆ ಮಾತು ಬರುತ್ತಿತ್ತು. ಬರಿಗೈಯಲ್ಲಿ ಒಂದು ಮನೆಯ ಮುಂದೆ ನಿಂತು, ತಪ್ಪಾಯಿತು ಎನ್ನುವುದು ಅವರಿಗೆ ಯಾರೂ ಕಲಿಸದ ಕೆಲಸ. ನೀನಾದರೂ ಬಾ ಎಂದು ಪುಟ್ಟಿಗೆ ಹೇಳಿದರೆ ಅವಳದ್ದೂ ಅದೇ ಪಟ್ಟು. "ನಾನು ಒಂದ್ಸಲ ಕರೆದಾಯ್ತು ಅತ್ತಿಗೆ. ಅಪ್ಪ ಕೀಲು ಕಳಿಸಿದ್ರು." ಇಬ್ಬರ ನಡುವೆ ಓಡಾಡಿ ಸೇತುವೆಯ ಕಲ್ಲು ಸವೆಸಿದ್ದು ನಾನು.

ಹೀಗೆ ಮೂರು ನಾಲ್ಕು ಚಳಿಗಾಲ ಕಳೆದವು. ಆಮೇಲೆ ಬೇಕರಿಯ ಅಳಿಯನಿಗೆ ಬೆಟ್ಟಗಳಾಚೆಯ ದೊಡ್ಡ ಊರಲ್ಲಿ ಕೆಲಸ ಸಿಕ್ಕಿತು. ಎರಡು ದಿನದ ದಾರಿ. ಸಾಮಾನು ಲಾರಿಯಲ್ಲಿ, ಮೂವರೂ ಅದರಲ್ಲೇ ಹೋಗುವುದು ಎಂದಾಯಿತು. ಅತ್ತೆ ಹಿಂದಿನ ದಿನವೇ ಹೋಗಿ ಅತ್ತು, ಮೊಮ್ಮಗಳನ್ನು ಮುದ್ದಾಡಿ, ಸೋತು ಬಂದು ಮಲಗಿದ್ದರು. ಹೊರಡುವ ದಿನ ಬೆಳಿಗ್ಗೆ ನಾನು ಎದ್ದು ನೋಡಿದರೆ ಮಾವ ಮೆಟ್ಟಿಲ ಮೇಲೆ ಕೂತಿದ್ದಾರೆ. ಕೆಲಸದ ಅಂಗಿ, ಪಕ್ಕದಲ್ಲಿ ಪೆಟ್ಟಿಗೆ.

"ಬಾಡಿಗೆ ಮನೆ ಒಲೆ ಅಲ್ವಾ. ಓನರ್‌ಗೆ ಸರಿಯಾಗಿ ಒಪ್ಪಿಸ್ಬೇಕು. ಆ ಕೀಲು ಒಂದ್ಸಲ ನೋಡ್ಬಿಡೋಣ. ನೀನೂ ಬಾಮ್ಮಾ."

ಟೈಲರ್ ಅವತ್ತೂ ತಲೆ ಎತ್ತಿದ. ನಾನು ಒಂದು ನೋಟ ನೋಡಿದೆ, ಅವನು ತಲೆ ತಗ್ಗಿಸಿದ. ಮಾವ ಸೇತುವೆಯ ಮೇಲೆ ಒಮ್ಮೆಯೂ ನಿಲ್ಲಲಿಲ್ಲ.

ಮನೆ ಬರಿದಾಗಿತ್ತು. ಗೋಡೆಯ ಮೇಲೆ ಕಪಾಟು ಇದ್ದ ಗುರುತು, ನೆಲದಲ್ಲಿ ಹಗ್ಗದ ತುಂಡು. ಅಳಿಯ ಗೇಟಿನ ಹತ್ತಿರ ಲಾರಿಗೆ ಮಂಚ ಹತ್ತಿಸುತ್ತಿದ್ದ. ಪುಟ್ಟಿ ನಡುಕೋಣೆಯಲ್ಲಿ ಪಾತ್ರೆಯ ಮೂಟೆ ಕಟ್ಟುತ್ತಿದ್ದಳು. ಅಪ್ಪನನ್ನು ನೋಡಿ ಎದ್ದು ನಿಂತಳು, ಕೈಯಲ್ಲಿ ಹಗ್ಗ ಹಾಗೇ ಇತ್ತು.

"ಬಾಪ್ಪಾ" ಎಂದಳು.

"ಕೀಲು ನೋಡೋಣಾಂತ ಬಂದೆ" ಎಂದರು ಮಾವ.

ಹೊಸ್ತಿಲು ತುಳಿದರು. ಸೀದಾ ಒಲೆಯ ಮುಂದೆ ಹೋಗಿ ಮಂಡಿಯೂರಿ ಬಾಗಿಲನ್ನು ಎತ್ತಿ, ಒತ್ತಿ, ಎಳೆದು ನೋಡಿದರು. ನಾನು ಹಿಂದೆಯೇ ನಿಂತಿದ್ದೆ. ಅದು ಕೂದಲೆಳೆಯಷ್ಟೂ ಅಲುಗಲಿಲ್ಲ. ಮಾವ ಗಂಟಲು ಸರಿಮಾಡಿಕೊಂಡರು.

"ಸ್ವಲ್ಪ ಸಡಿಲ ಆದ ಹಾಗಿದೆ" ಎಂದರು.

ಆ ಮನುಷ್ಯ ತನ್ನ ಕೆಲಸದ ಬಗ್ಗೆ ಹೇಳಿದ ಮೊದಲ ಸುಳ್ಳು ಅದು. ಪುಟ್ಟಿ ಹಗ್ಗ ಕೆಳಗೆ ಹಾಕಿ ಬಂದು ಪಕ್ಕದಲ್ಲಿ ಕೂತಳು. ತಾನೂ ಬಾಗಿಲು ಎಳೆದು ನೋಡಿದಳು.

"ಹೌದಪ್ಪ. ಮೇಲಿನದು ಆಡ್ತಿದೆ" ಎಂದಳು.

ಇಬ್ಬರೂ ಸೇರಿ ಸರಿಯಾಗಿದ್ದ ಬಾಗಿಲನ್ನು ಬಿಚ್ಚತೊಡಗಿದರು. ಕೀಲು ಬರಲೊಲ್ಲದು. ಕೆಳಗಿನಿಂದ ಉಳಿಯಿಟ್ಟು ಸುತ್ತಿಗೆಯಲ್ಲಿ ಬಾರಿಸಿ ಬಾರಿಸಿ ಮಾವನ ಹಣೆಯಲ್ಲಿ ಬೆವರು ಬಂತು. ಸಡಿಲವಾದ ಕೀಲಿಗೆ ಇಷ್ಟು ಏಟು ಯಾಕೆ ಎಂದು ಕೇಳುವ ಚಪಲ ನನಗೆ ಬಂದದ್ದು ನಿಜ, ನಾಲಿಗೆ ಕಚ್ಚಿಕೊಂಡೆ. ಮಾವ ಕೈ ಚಾಚಿದರು, ಪುಟ್ಟಿ ಪೆಟ್ಟಿಗೆಯಿಂದ ನೋಡದೆಯೇ ಅರ ತೆಗೆದು ಕೊಟ್ಟಳು. ಕೀಲಿಗೆ ನಾಲ್ಕು ಸಲ ಅರ ಹಾಕಿ ಅವಳ ಕೈಗಿಟ್ಟರು. ಅವಳು ಅದನ್ನು ತುಟಿಗೆ ತಾಗಿಸಿ ನೋಡಿ, "ಇನ್ನೊಂಚೂರು" ಎಂದಳು. ಅವರು ಇನ್ನೊಂಚೂರು ಹಾಕಿದರು. ಬೇಕಾಗಿರಲಿಲ್ಲ, ಇಬ್ಬರಿಗೂ ಗೊತ್ತಿತ್ತು.

"ಆವತ್ತು ಈ ಕೀಲು ಬಂತಲ್ಲಪ್ಪಾ," ಪುಟ್ಟಿ ಬಾಗಿಲಿನ ಕಿವಿ ಒರೆಸುತ್ತಾ ಹೇಳಿದಳು, "ಕೂರದೆ ಇರ್ಲಿ ಅಂತ ಬೇಡ್ಕೊಂಡು ಬಿಟ್ಟೆ. ಕೂರದಿದ್ರೆ ನೀನು ಬರ್ಲೇಬೇಕಿತ್ತು. ಟಕ್ ಅಂತ ಕೂತ್ಬಿಡ್ತು."

ಮಾವನ ಕೈಯಲ್ಲಿ ಅರ ನಿಂತಿತು.

"ಹೇಗೆ ಮಾಡೋದು ಅನ್ನೋದೇ ತಲೇಲಿತ್ತು ಪುಟ್ಟೀ. ಕೂತ್ರೆ ಏನಾಗುತ್ತೆ ಅಂತ ಯೋಚ್ನೆನೇ ಮಾಡ್ಲಿಲ್ಲ."

"ಗೊತ್ತು. ನಾನಾಗಿದ್ರೂ ಹಾಗೇ ಮಾಡ್ತಿದ್ದೆ" ಎಂದಳು. ಇಬ್ಬರೂ ಸ್ವಲ್ಪ ನಕ್ಕರು. ಅಷ್ಟು ವರ್ಷದಲ್ಲಿ ಮಾವ ಹಾಗೆ ನಕ್ಕದ್ದು ನಾನು ನೋಡಿರಲಿಲ್ಲ. ಅವರಿಬ್ಬರ ನಡುವೆ ನಾನ್ಯಾಕೆ ಎಂದು ಪಾತ್ರೆಯ ಮೂಟೆ ಎತ್ತಿಕೊಂಡು ಗೇಟಿಗೆ ಹೋದೆ. ಮಗು ಆಗಲೇ ಲಾರಿಯ ಮುಂದಿನ ಸೀಟಿನಲ್ಲಿ ಅಪ್ಪನ ತೊಡೆಯ ಮೇಲಿತ್ತು.

ಆ ಬೀದಿ ಬಲು ಇಕ್ಕಟ್ಟು. ಲಾರಿಯ ಹಿಂದೆ ನೀರಿನ ಟ್ಯಾಂಕರ್ ಬಂದು ನಿಂತಿತು, ಅದರ ಹಿಂದೆ ಮತ್ತೊಂದು ಗಾಡಿ. ಎಲ್ಲರೂ ಒಟ್ಟಿಗೆ ಹಾರ್ನ್ ಬಾರಿಸತೊಡಗಿದರು. ಲಾರಿ ಡ್ರೈವರ್ ಬೈಯತೊಡಗಿದ, ಅಳಿಯ ಕಿಟಕಿಯಿಂದ ಕೂಗತೊಡಗಿದ. ಮನೆಯ ತೆರೆದ ಮುಂಬಾಗಿಲಿನಿಂದ ನನಗೆ ಒಳಗಿನದೆಲ್ಲ ಕಾಣುತ್ತಿತ್ತು. ಮಾವ ಮಂಡಿಯೂರಿ ಬಾಗಿಲನ್ನು ಎರಡೂ ಕೈಯಲ್ಲಿ ಎತ್ತಿ ಹಿಡಿದಿದ್ದರು. ಮೇಲಿನ ಕೀಲು ಇಳಿದಿತ್ತು. ಕೆಳಗಿನ ಕೀಲು ಪುಟ್ಟಿಯ ಕೈಯಿಂದ ಜಾರಿ ಒಲೆಯ ಅಡಿಗೆ ಉರುಳಿತ್ತು. ಅವಳು ನೆಲಕ್ಕೆ ಕೆನ್ನೆ ಹಚ್ಚಿ ಬೂದಿಯಲ್ಲಿ ತಡಕುತ್ತಿದ್ದಳು.

"ಪುಟ್ಟೀ, ಆ ಬೋರ್ಡು..." ಎಂದು ಮಾವ ಶುರುಮಾಡಿದರು. ಹಾರ್ನ್ ಸದ್ದಿನಲ್ಲಿ ಉಳಿದ ಮಾತು ಅವಳಿಗೆ ಕೇಳಿಸಿತೋ ಇಲ್ಲವೋ. ನನಗೆ ಕೇಳಿಸಲಿಲ್ಲ.

"ಅಪ್ಪಾ, ಹೋಗ್ಲೇಬೇಕು."

"ಹೋಗು, ಹೋಗು. ಇದನ್ನ ನಾನು ನೋಡ್ಕೋತೀನಿ."

ಅವಳು ಮಸಿ ಕೈಯನ್ನು ಅವರ ಭುಜದ ಮೇಲೆ ಒಂದು ಗಳಿಗೆ ಇಟ್ಟು, ಓಡಿ ಬಂದು ಲಾರಿ ಹತ್ತಿದಳು. ಹತ್ತಿ ಕಿಟಕಿಯಿಂದ ಮೈ ಹೊರಗೆ ಹಾಕಿ ಮನೆಯ ಕಡೆ ನೋಡುತ್ತಾ ಕೂತಳು. ಅಪ್ಪ ಗೇಟಿಗೆ ಬರುತ್ತಾರೆ ಎಂದು ಕಾಯುತ್ತಿದ್ದಳು. ಮಾವ ಏಳಲಿಲ್ಲ.

"ಮಾವಾ, ಬನ್ನಿ! ಹೊರಟ್ರು!" ಎಂದು ಕೂಗಿದೆ. ಏಳಲಿಲ್ಲ. ನಾನು ಒಳಗೆ ಓಡಿದೆ.

"ಬಿಡಿ ಅದನ್ನ. ಬಿದ್ರೆ ಬೀಳ್ಲಿ, ಬನ್ನಿ!"

"ಒಂದೇ ಕೀಲಲ್ಲಿದೆ. ಈಗ ಬಿಟ್ರೆ ಕಿವಿ ಮುರಿಯುತ್ತೆ" ಎಂದರು. ಕಣ್ಣು ಗೇಟಿನ ಕಡೆಗಿತ್ತು, ಕೈ ಬಾಗಿಲಿನಲ್ಲಿತ್ತು.

"ಇತ್ತ ಕೊಡಿ, ನಾನು ಹಿಡ್ಕೋತೀನಿ."

"ನಿನ್ನ ಕೈಲಿ ಆಗಲ್ಲಮ್ಮಾ. ಕೀಲು ಹುಡುಕು, ಬೇಗ ಹುಡುಕು."

ನಾನು ಒಲೆಯಡಿಗೆ ಕೈ ತೂರಿಸಿ ತಡಕಿ, ಗೋಡೆಯ ಮೂಲೆಯಲ್ಲಿದ್ದ ಕೀಲು ಹುಡುಕಿ ಕೊಟ್ಟೆ. ಅವರು ಇಳಿಸಿದರು. ಅದು ಕೂತಿತು. ಕೂತ ಮೇಲೂ, ಅಭ್ಯಾಸ ನೋಡಿ, ಬಾಗಿಲನ್ನು ಒಮ್ಮೆ ತೆರೆದು ಒಮ್ಮೆ ಮುಚ್ಚಿ ನೋಡಿದರು. ಆಮೇಲೆ ಎದ್ದು, ಮರಗಟ್ಟಿದ ಕಾಲನ್ನು ಎಳೆದುಕೊಂಡು ಗೇಟಿಗೆ ಓಡಿದರು. ಬೀದಿಯಲ್ಲಿ ನೀರಿನ ಟ್ಯಾಂಕರ್ ಮಾತ್ರ ಮುಂದೆ ಸರಿಯುತ್ತಿತ್ತು. ಲಾರಿ ಸೇತುವೆಯ ಆಚೆ ತಿರುವು ದಾಟಿಹೋಗಿತ್ತು.

"ಹೋಯ್ತಾ?" ಎಂದು ನನ್ನನ್ನು ಕೇಳಿದರು. ನಾನು ಹೂಂ ಎಂದೆ. ಬಾಯಿಗೆ ಬಂದ ಹಾಗೆ ಬೈಯಬೇಕು ಅನ್ನಿಸಿತು. ಅವರ ಮುಖ ನೋಡಿ ಆಗಲಿಲ್ಲ.

ಆ ಚಳಿಗಾಲ ಮುಗಿಯುವ ಮೊದಲೇ ಮಾವ ಹೋದರು. ಎದೆ ನೋವು ಎಂದವರು ಮತ್ತೆ ಏಳಲಿಲ್ಲ. ಹಿಮ ಬಿದ್ದು ಬೆಟ್ಟದ ದಾರಿ ಕಟ್ಟಿಹೋಗಿತ್ತು. ಪುಟ್ಟಿ ಬಂದು ಮುಟ್ಟುವಷ್ಟರಲ್ಲಿ ಎಲ್ಲ ಮುಗಿದು ಮನೆ ತೊಳೆದಾಗಿತ್ತು. ಅವಳು ಅಂಗಡಿಯಲ್ಲಿ ಅಪ್ಪ ಕೂರುತ್ತಿದ್ದ ಮಣೆಯ ಎದುರಿನ ಮಣೆಯ ಮೇಲೆ ಕೂತಳು. ನಾನು ಪಕ್ಕದಲ್ಲಿ ಕೂತು, ಇಷ್ಟು ದಿನ ಹೊಟ್ಟೆಯಲ್ಲಿಟ್ಟುಕೊಂಡದ್ದನ್ನೆಲ್ಲ ಹೇಳಿದೆ. ಲಾರಿ ಹೊರಟಾಗ ಬಾಗಿಲು ಬಿಟ್ಟು ಬನ್ನಿ ಎಂದು ಅಷ್ಟು ಕೂಗಿಕೊಂಡರೂ ಬರಲಿಲ್ಲ ನಿಮ್ಮಪ್ಪ, ಕೊನೆಗೂ ಬಾಗಿಲೇ ಹೆಚ್ಚಾಯಿತು ಅವರಿಗೆ ಎಂದು ಸಿಟ್ಟಿನಿಂದ ಅತ್ತುಬಿಟ್ಟೆ.

"ಕೆಳಗಿನ ಕೀಲು ಆಗ ಇಳಿದಿರ್ಲಿಲ್ಲ, ಅಲ್ವಾ ಅತ್ತಿಗೆ?" ಎಂದು ಕೇಳಿದಳು.

"ಇಲ್ಲ."

"ಮತ್ತೆ ಹೇಗೆ ಬಿಡೋಕಾಗುತ್ತೆ?" ಎಂದಳು ಪುಟ್ಟಿ. "ಬಿಟ್ಟಿದ್ರೆ ಕಿವಿ ಮುರಿದುಹೋಗ್ತಿತ್ತು."

ಹಾಗೆಂದು ಮುಖ ಮುಚ್ಚಿಕೊಂಡು ಅಳತೊಡಗಿದಳು.